ಲೇಸರ್ ಮಷಿನ್ ಕನೆಕ್ಟ್ ಆಗದ ಮೂರು ಸಂಜೆ

ಹೋದ ವಾರ ಮೂರು ಸಂಜೆ ನಾನು ಮಾಡಿದ್ದು ಒಂದೇ ಕೆಲಸ, ಲೇಸರ್ ಎನ್‌ಗ್ರೇವರ್ (ಲೇಸರ್ ಬೆಳಕಿಂದ ಕೆತ್ತೋ ಮಷಿನ್) ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಲ್ಯಾಪ್‌ಟಾಪ್‌ನಲ್ಲಿ ‘ಡಿಸ್ಕನೆಕ್ಟೆಡ್’ ಅನ್ನೋ ಪದ ನೋಡಿದ್ದು. ಮಷಿನ್ ಕೆಟ್ಟಿರ್ಲಿಲ್ಲ. ಸಾಫ್ಟ್‌ವೇರೂ ಚೆನ್ನಾಗೇ ಇತ್ತು. ಆದ್ರೆ ಎರಡರ ಮಧ್ಯೆ ಮಾತೇ ಇಲ್ಲ. ಈಗ ಸರಿ ಹೋಗಿದೆ, ಸರಿ ಹೋದ ಮೇಲೆ ಕೂತು ಯೋಚ್ನೆ ಮಾಡಿದ್ರೆ ಮೊದಲನೇ ಸಂಜೆನೇ ನಾನು ಸರಿಯಾದ ಕೆಲಸ ಮಾಡಿ ಅದನ್ನ ನಾನೇ ವಾಪಸ್ ತೆಗ್ದಿದ್ದೆ ಅಂತ ಗೊತ್ತಾಯ್ತು. ಅದು ಯಾಕೆ ಹಂಗಾಯ್ತು ಅನ್ನೋದನ್ನ ಬರ್ದಿಡ್ಬೇಕು ಅನ್ನಿಸ್ತು, ಯಾಕಂದ್ರೆ ಇದೇ ಜಾಗದಲ್ಲಿ ಸಿಕ್ಕಾಕೊಂಡು ಒಳ್ಳೇ ಮಷಿನ್‌ನ ಮೂಲೆಗೆ ತಳ್ಳಿರೋವ್ರು ನನಗೆ ಗೊತ್ತು.

ನನ್ನದು ಡಯೋಡ್ ಲೇಸರ್, ನೀಲಿ ಬೆಳಕಿಂದು, ಒಂದು ವರ್ಷದಿಂದ ಹಳೇ ಲ್ಯಾಪ್‌ಟಾಪ್ ಜೊತೆ ಯಾವ ತಕರಾರೂ ಇಲ್ದೆ ನಡೀತಿತ್ತು. ಆ ಲ್ಯಾಪ್‌ಟಾಪ್ ಹೋಯ್ತು, ಹೊಸದು ಬಂತು. ಅದೇ ಹೊತ್ತಿಗೆ ಮಷಿನ್‌ನ ಹಿಂದಿನ ರೂಮಿಗೆ ಸಾಗಿಸಿದ್ದೆ, ಸಾಗಿಸುವಾಗ ಅದರ ಜೊತೆ ಬಂದಿದ್ದ ಯುಎಸ್‌ಬಿ ಕೇಬಲ್ ಎಲ್ಲೋ ಕಳ್ದೋಯ್ತು, ಡ್ರಾಯರ್‌ನಲ್ಲಿ ಕೈಗೆ ಸಿಕ್ಕಿದ ಇನ್ನೊಂದು ಕೇಬಲ್ ಹಾಕ್ದೆ. ಒಂದೇ ಸಲಕ್ಕೆ ಲ್ಯಾಪ್‌ಟಾಪೂ ಬೇರೆ, ಕೇಬಲ್ಲೂ ಬೇರೆ. ಆವತ್ತು ಇದನ್ನ ನಾನು ಲೆಕ್ಕಕ್ಕೇ ತಗೊಳ್ಳಿಲ್ಲ. ಅಕ್ಕನ ಮಗಳಿಗೆ ಪೆನ್ಸಿಲ್ ಡಬ್ಬದ ಮುಚ್ಚಳದ ಮೇಲೆ ಒಂದು ಆನೆಮರಿ ಕೆತ್ತಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ, ಡ್ರಾಯಿಂಗ್ ರೆಡಿ ಇತ್ತು, ಒಂದರ್ಧ ಗಂಟೆ ಕೆಲಸ ಅಂತ ಕೂತಿದ್ದು.

ಮಷಿನ್ ನಡೆಸೋ ಸಾಫ್ಟ್‌ವೇರ್ ಲೈಟ್‌ಬರ್ನ್ ಓಪನ್ ಮಾಡ್ದೆ, ಪೋರ್ಟ್ ಆರಿಸೋ ಪಟ್ಟಿ ಖಾಲಿ. ‘ಫೈಂಡ್ ಮೈ ಲೇಸರ್’ ಒತ್ತಿದ್ರೆ ಏನೂ ಸಿಗ್ಲಿಲ್ಲ ಅಂತು. ಸಾಫ್ಟ್‌ವೇರ್ ತೆಗ್ದು ಮತ್ತೆ ಇನ್‌ಸ್ಟಾಲ್ ಮಾಡ್ದೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡ್ದೆ, ಮಷಿನ್ ಆಫ್ ಮಾಡಿ ಆನ್ ಮಾಡ್ದೆ, ಲೇಸರ್‌ಜಿಆರ್‌ಬಿಎಲ್ ಅಂತ ಇನ್ನೊಂದು ಸಾಫ್ಟ್‌ವೇರ್ ಇದ್ಯಲ್ಲ ಅದನ್ನೂ ಹಾಕಿ ನೋಡ್ದೆ, ಅಲ್ಲೂ ಪಟ್ಟಿ ಖಾಲಿ. ಆಮೇಲೆ ಕೇಬಲ್ ಮೇಲೆ ಅನುಮಾನ ಬಂತು, ಹಾರ್ಡ್ ಡಿಸ್ಕ್‌ಗೆ ಹಾಕೋ ಗಿಡ್ಡ ಕೇಬಲ್ ತಂದು ಹಾಕ್ದೆ. ಆಗ್ಲೂ ಲೈಟ್‌ಬರ್ನ್‌ನಲ್ಲಿ ಏನೂ ಬದಲಾಗ್ಲಿಲ್ಲ. ಸರಿ, ಕೇಬಲ್‌ದೇನೂ ತಪ್ಪಿಲ್ಲ ಅಂತ ತೀರ್ಮಾನ ಮಾಡಿ ಮತ್ತೆ ಉದ್ದದ ಕೇಬಲ್ಲೇ ಹಾಕ್ದೆ, ಗಿಡ್ಡದು ಮೇಜಿನವರೆಗೂ ಎಟುಕ್ತಿರ್ಲಿಲ್ಲ.

ಎರಡನೇ ಸಂಜೆ ಡ್ರೈವರ್ ಕಡೆ ಹೋದೆ, ಅಂದ್ರೆ ಒಂದು ಸಾಧನನ ಕಂಪ್ಯೂಟರ್‌ಗೆ ಗುರುತು ಹಿಡಿಸೋ ಪುಟ್ಟ ಸಾಫ್ಟ್‌ವೇರ್ ಕಡೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಅರ್ಥ ಆದ್ರೆ ಅರ್ಧ ಗಲಿಬಿಲಿ ಹೋಗುತ್ತೆ. ಮಷಿನ್ ಒಳಗಿರೋ ಬೋರ್ಡ್‌ಗೆ ಯುಎಸ್‌ಬಿ ಭಾಷೆ ಬರಲ್ಲ (ಎಲ್ಲಾ ಬೋರ್ಡೂ ಹಂಗೇ ಅಂತಲ್ಲ, ಆದ್ರೆ ಮನೇಲಿ ಇಟ್ಕೊಳೋ ಡಯೋಡ್ ಮಷಿನ್‌ಗಳಲ್ಲಿ ತುಂಬಾ ಕಡೆ ಹಿಂಗೇ ಇರುತ್ತೆ). ಅದಕ್ಕೆ ಬರೋದು ಸೀರಿಯಲ್, ಒಂದರ ಹಿಂದೆ ಒಂದು ಬಿಟ್ ಕಳ್ಸೋ ಹಳೇ ಪದ್ಧತಿ. ಮಧ್ಯದಲ್ಲಿ ಒಂದು ಪುಟ್ಟ ಚಿಪ್ ಕೂತು ಎರಡೂ ಕಡೆಗೆ ದುಭಾಷಿ ಥರ ಕೆಲಸ ಮಾಡುತ್ತೆ. ಸಾಮಾನ್ಯವಾಗಿ ಅದು ಸಿಎಚ್340, ಇಲ್ಲಾಂದ್ರೆ ಸಿಪಿ2102, ಕೆಲವು ಸಲ ಎಫ್‌ಟಿಡಿಐ ಕಂಪನಿದು. ಕಂಪ್ಯೂಟರ್‌ಗೆ ಆ ಚಿಪ್‌ನ ಡ್ರೈವರ್ ಇದ್ರೆ ಮಾತ್ರ ಅದು ‘ಕಾಮ್ 3’, ‘ಕಾಮ್ 5’ ಅನ್ನೋ ಥರ ಒಂದು ಪೋರ್ಟ್ ಆಗಿ ಕಾಣುತ್ತೆ. ಲೈಟ್‌ಬರ್ನ್ ನೋಡೋದು ಆ ಪೋರ್ಟ್ ಪಟ್ಟಿನ ಅಷ್ಟೇ. ಪೋರ್ಟೇ ಹುಟ್ಟಿಲ್ಲ ಅಂದ್ಮೇಲೆ ಸಾಫ್ಟ್‌ವೇರ್‌ನ ಹತ್ತು ಸಲ ಇನ್‌ಸ್ಟಾಲ್ ಮಾಡಿದ್ರೂ ಪ್ರಯೋಜನ ಇಲ್ಲ.

ವಿಂಡೋಸ್ ಇಂಟರ್ನೆಟ್‌ಗೆ ಕನೆಕ್ಟ್ ಆಗಿದ್ರೆ ಸಾಮಾನ್ಯವಾಗಿ ಈ ಡ್ರೈವರ್‌ನ ತಾನೇ ಹುಡುಕಿ ಹಾಕ್ಕೊಳ್ಳುತ್ತೆ. ನನ್ನ ಹಿಂದಿನ ರೂಮಲ್ಲಿ ವೈಫೈ ಬರಲ್ಲ, ಹಂಗಾಗಿ ಹಾಕ್ಕೊಂಡಿರ್ಲಿಲ್ಲ. ಲ್ಯಾಪ್‌ಟಾಪ್ ಎತ್ಕೊಂಡು ಹಾಲ್‌ಗೆ ಬಂದು ಸಿಎಚ್340 ಡ್ರೈವರ್ ಇಳಿಸ್ಕೊಂಡು ವಾಪಸ್ ಹೋಗಿ, ಉದ್ದದ ಕೇಬಲ್ ಚುಚ್ಚಿ ಇನ್‌ಸ್ಟಾಲ್ ಒತ್ತಿದೆ. ‘ಮುಂಚಿತವಾಗಿ ಇನ್‌ಸ್ಟಾಲ್ ಆಗಿದೆ’ ಅನ್ನೋ ಅರ್ಥದ ಒಂದು ಮೆಸೇಜ್ ಬಂತು. ಇನ್‌ಸ್ಟಾಲ್ ಆಯ್ತಲ್ಲ ಅಂತ ಓಕೆ ಒತ್ತಿ ಮುಂದೆ ಹೋದೆ. ಲೈಟ್‌ಬರ್ನ್‌ನಲ್ಲಿ ಮತ್ತೆ ಅದೇ ಖಾಲಿ ಪಟ್ಟಿ. ಹಾಗಾದ್ರೆ ಡ್ರೈವರ್‌ದೂ ತಪ್ಪಲ್ಲ, ಬೋರ್ಡೇ ಸುಟ್ಟೋಗಿದೆ ಅನ್ಕೊಂಡು ಆ ರಾತ್ರಿ ತುಂಬಾ ಬೇಜಾರಲ್ಲಿ ಮಲಗಿದ್ದು, ಹೊಸ ಬೋರ್ಡ್ ಹುಡುಕೋಕೂ ಶುರು ಮಾಡಿದ್ದೆ.

ಆ ಮೆಸೇಜ್‌ನಲ್ಲಿ ‘ಮುಂಚಿತವಾಗಿ’ ಅನ್ನೋ ಪದ ಇತ್ತು ನೋಡಿ. ಡ್ರೈವರ್ ಫೈಲುಗಳನ್ನ ಇಟ್ಟಿದೀನಿ, ಆದ್ರೆ ಚಿಪ್ ಯಾವುದೂ ನನಗೆ ಕಾಣಿಸ್ತಿಲ್ಲ, ನೀನು ಯಾವಾಗ ಚುಚ್ಚಿದ್ರೂ ನಾನು ರೆಡಿ ಅನ್ನೋದು ಅದರ ಅರ್ಥ. ಮಷಿನ್ ಚುಚ್ಚೇ ಇದೆ, ಆನ್ ಇದೆ, ಆದ್ರೂ ಕಂಪ್ಯೂಟರ್‌ಗೆ ಕಾಣಿಸ್ತಿಲ್ಲ ಅಂದ್ರೆ ಸಮಸ್ಯೆ ಡ್ರೈವರ್‌ಗಿಂತ ಹಿಂದಿದೆ ಅಂತ ಆ ಮೆಸೇಜೇ ಹೇಳ್ತಿತ್ತು.

ಮೂರನೇ ಸಂಜೆ ಎಲೆಕ್ಟ್ರಾನಿಕ್ಸ್ ಕೆಲಸ ಮಾಡೋ ಗೆಳೆಯನಿಗೆ ಫೋನ್ ಮಾಡ್ದೆ. ಎರಡು ದಿನದ ಕಥೆ ಪೂರ್ತಿ ಹೇಳೋಕೆ ಹೋದೆ, ಅವನು ಮಧ್ಯದಲ್ಲೇ ತಡ್ದ.

“ಲೈಟ್‌ಬರ್ನ್ ಮುಚ್ಚು ಮೊದ್ಲು. ಡಿವೈಸ್ ಮ್ಯಾನೇಜರ್ ಓಪನ್ ಮಾಡು.”

“ಮಾಡ್ದೆ ಕಣೋ.”

“ಈಗ ಕೇಬಲ್ ಕೀಳು, ಮತ್ತೆ ಹಾಕು. ಸ್ಕ್ರೀನ್ ಮೇಲೆ ಏನಾದ್ರೂ ಅಲ್ಲಾಡ್ತಾ ಹೇಳು.”

ಕಂಪ್ಯೂಟರ್‌ಗೆ ಹಾಕಿರೋ ಸಾಧನಗಳ ಪಟ್ಟಿ ತೋರಿಸೋ ವಿಂಡೋಸ್‌ನ ಆ ಕಿಟಕೀಲಿ ಏನೂ ಅಲ್ಲಾಡ್ಲಿಲ್ಲ. ಯುಎಸ್‌ಬಿ ಹಾಕಿದಾಗ ಬರೋ ಆ ಟಿಂಗ್ ಸದ್ದೂ ಇಲ್ಲ.

“ಬೇರೆ ಕೇಬಲ್ ಹಾಕು.”

“ಅದನ್ನ ಮೊದಲ್ನೇ ದಿನನೇ ನೋಡಿದೀನಿ, ಏನೂ ವ್ಯತ್ಯಾಸ ಆಗಿಲ್ಲ.”

“ಎಲ್ಲಿ ನೋಡಿದ್ದು, ಲೈಟ್‌ಬರ್ನ್‌ನಲ್ಲಿ ತಾನೇ? ಇಲ್ಲಿ ನೋಡು ಈಗ.”

ಗಿಡ್ಡ ಕೇಬಲ್ ಹಾಕಿದ ತಕ್ಷಣ ಟಿಂಗ್ ಅಂತು, ‘ಪೋರ್ಟ್ಸ್’ ಅನ್ನೋ ಸಾಲಿನ ಕೆಳಗೆ ಸಿಎಚ್340, ಕಾಮ್ 5 ಅಂತ ಬಂತು. ಎರಡನೇ ಸಂಜೆಯಿಂದ ಕಾಯ್ತಿದ್ದ ಡ್ರೈವರ್ ಅಲ್ಲೇ ಹಿಡ್ಕೊಂಡ್ಬಿಡ್ತು. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಮಾತೇ ಹೊರಡ್ಲಿಲ್ಲ, ಅವನೇ ಆ ಕಡೆಯಿಂದ ಏನಾಯ್ತು ಏನಾಯ್ತು ಅಂತ ಕೇಳ್ತಿದ್ದ.

ಉದ್ದದ ಕೇಬಲ್ ಯಾವುದೋ ಚಾರ್ಜಿಂಗ್ ಲ್ಯಾಂಪ್ ಜೊತೆ ಬಂದಿದ್ದು. ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟ್‌ಗೆ ಎರಡು ತಂತಿ, ಡೇಟಾಗೆ ಎರಡು ತಂತಿ ಇರ್ಬೇಕು. ಬರೀ ಚಾರ್ಜಿಂಗ್‌ಗೆ ಅಂತ ಮಾಡಿರೋ ಕೇಬಲ್‌ಗಳಲ್ಲಿ ಡೇಟಾ ತಂತಿನೇ ಇರಲ್ಲ. ಹೊರಗಿಂದ ನೋಡಿದ್ರೆ ಒಂದಿಷ್ಟೂ ಗೊತ್ತಾಗಲ್ಲ, ತುದಿ ಅದೇ, ದಪ್ಪ ಅದೇ. ಮೋಸ ಹೋಗೋದು ಎಲ್ಲಿ ಅಂದ್ರೆ ಅದನ್ನ ಹಾಕಿದ್ರೂ ಬೋರ್ಡ್‌ನ ಪುಟ್ಟ ಲೈಟ್ ಉರಿಯುತ್ತೆ, ಯಾಕಂದ್ರೆ 5 ವೋಲ್ಟ್ ಕರೆಂಟ್ ಹೋಗ್ತಾನೇ ಇರುತ್ತೆ. ಲೈಟ್ ಉರೀತಿದೆ ಅಂದ್ರೆ ಕೇಬಲ್ ಸರಿ ಇದೆ ಅಂತ ನಾನು ನಂಬಿಬಿಟ್ಟೆ. ಕೇಬಲ್ ಪರೀಕ್ಷೆ ಮಾಡೋಕೆ ಸುಲಭ ದಾರಿ, ಅದೇ ಕೇಬಲ್ಲಿಂದ ಫೋನನ್ನೋ ಹಾರ್ಡ್ ಡಿಸ್ಕನ್ನೋ ಲ್ಯಾಪ್‌ಟಾಪ್‌ಗೆ ಹಾಕಿ ಒಂದು ಫೋಟೋ ಕಾಪಿ ಆಗುತ್ತಾ ನೋಡೋದು. ಕಾಪಿ ಆದ್ರೆ ಡೇಟಾ ತಂತಿ ಇದೆ, ಇಲ್ಲಾಂದ್ರೆ ಇಲ್ಲ.

ಈಗ ಎರಡು ದಿನದ್ದನ್ನ ಒಟ್ಟಿಗೆ ಇಟ್ಟು ನೋಡಿ. ತಪ್ಪು ಎರಡಿತ್ತು, ಡೇಟಾ ಇಲ್ಲದ ಕೇಬಲ್ ಒಂದು, ಡ್ರೈವರ್ ಇಲ್ದೇ ಇದ್ದಿದ್ದು ಇನ್ನೊಂದು. ಮೊದಲ ದಿನ ಕೇಬಲ್ ಸರಿ ಮಾಡ್ದೆ, ಡ್ರೈವರ್ ಇರ್ಲಿಲ್ಲ, ಹಂಗಾಗಿ ಲೈಟ್‌ಬರ್ನ್‌ನಲ್ಲಿ ಏನೂ ಕಾಣ್ಲಿಲ್ಲ, ಕೇಬಲ್ ವಾಪಸ್ ಬದಲಾಯಿಸಿದೆ. ಎರಡನೇ ದಿನ ಡ್ರೈವರ್ ಹಾಕ್ದೆ, ಆಗ ಕೇಬಲ್ ಸರಿ ಇಲ್ಲ, ಮತ್ತೆ ಏನೂ ಕಾಣ್ಲಿಲ್ಲ. ಎರಡು ಬೀಗ ಹಾಕಿರೋ ಬಾಗಿಲಲ್ಲಿ ಒಂದನ್ನ ತೆಗ್ದು, ಬಾಗಿಲು ತೆರ್ಕೊಳ್ಳಿಲ್ಲ ಅಂತ ಅದನ್ನ ಮತ್ತೆ ಹಾಕಿ ಇನ್ನೊಂದನ್ನ ತೆಗ್ದಂಗೆ. ಎರಡು ಸಲವೂ ಪ್ರಯತ್ನ ಸರಿಯಾಗೇ ಇತ್ತು, ಆದ್ರೆ ಫಲಿತಾಂಶನ ಕೊನೇ ಜಾಗದಲ್ಲಿ ಮಾತ್ರ ನೋಡಿದ್ದು ತಪ್ಪು. ಮೊದಲ ದಿನ ಗಿಡ್ಡ ಕೇಬಲ್ ಹಾಕಿದಾಗ ಡಿವೈಸ್ ಮ್ಯಾನೇಜರ್ ತೆಗ್ದಿದ್ರೆ ಅಲ್ಲಿ ‘ಅದರ್ ಡಿವೈಸಸ್’ ಕೆಳಗೆ ಹಳದಿ ಗುರುತಿನ ಜೊತೆ ಡ್ರೈವರ್ ಸಿಗದ ಒಂದು ಡಿವೈಸ್ ಖಂಡಿತ ಕಾಣ್ತಿತ್ತು. ಕೇಬಲ್ ಸರಿ ಹೋಯ್ತು, ಇನ್ನು ಡ್ರೈವರ್ ಬೇಕು ಅನ್ನೋದು ಅಲ್ಲೇ ಗೊತ್ತಾಗ್ತಿತ್ತು. ಏನೂ ಅಲ್ಲಾಡದೇ ಇದ್ರೆ ಕೇಬಲ್ಲೋ ಸಾಕೆಟ್ಟೋ ಬೋರ್ಡೋ, ಹಳದಿ ಗುರುತು ಬಂದ್ರೆ ಡ್ರೈವರ್, ಪೋರ್ಟ್ ನಂಬರ್ ಬಂದ್ರೆ ಅಲ್ಲಿಂದ ಮುಂದೆ ಸಾಫ್ಟ್‌ವೇರ್ ಪಾಲು.

ಮುಂದಕ್ಕೂ ಎಲ್ಲಾ ಸಲೀಸಾಗಿ ಆಯ್ತಾ ಅಂದ್ರೆ ಇಲ್ಲ. ಖುಷೀಲಿ ಲೇಸರ್‌ಜಿಆರ್‌ಬಿಎಲ್ ತೆಗ್ದು ಕಾಮ್ 5 ಆರಿಸಿ ಕನೆಕ್ಟ್ ಒತ್ತಿದೆ, ಉತ್ತರನೇ ಬರ್ಲಿಲ್ಲ. ಅದನ್ನ ಹಂಗೇ ಬಿಟ್ಟು ಲೈಟ್‌ಬರ್ನ್ ತೆಗ್ದೆ, ಅಲ್ಲಿ ಕಾಮ್ 5 ಕಾಣ್ತಿದೆ, ಆರಿಸ್ಬಹುದು, ಆದ್ರೆ ಕನೆಕ್ಟ್ ಆಗಲ್ಲ. ಗೆಳೆಯ ಇನ್ನೂ ಲೈನಲ್ಲೇ ಇದ್ದ. “ಆ ಇನ್ನೊಂದು ಸಾಫ್ಟ್‌ವೇರ್ ಮುಚ್ಚಿದ್ಯಾ?” ಅಂದ. ಮುಚ್ಚಿರ್ಲಿಲ್ಲ. ವಿಂಡೋಸ್‌ನಲ್ಲಿ ಒಂದು ಸೀರಿಯಲ್ ಪೋರ್ಟ್‌ನ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡ್ಕೊಳ್ಳಕ್ಕಾಗೋದು. ಒಂದು ಹಿಡ್ಕೊಂಡಿದ್ರೆ ಇನ್ನೊಂದಕ್ಕೆ ಸಿಗಲ್ಲ. ಆರ್ಡುಯಿನೋ (ಹವ್ಯಾಸಿಗಳು ಬಳಸೋ ಪುಟ್ಟ ಬೋರ್ಡ್) ಸಾಫ್ಟ್‌ವೇರ್‌ನ ಸೀರಿಯಲ್ ಮಾನಿಟರ್ ಹಿಂದೆ ಎಲ್ಲೋ ತೆರೆದಿದ್ರೂ ಅಷ್ಟೇ, ಯಾವುದೋ 3ಡಿ ಪ್ರಿಂಟರ್ ಸಾಫ್ಟ್‌ವೇರ್ ಪೋರ್ಟ್ ಹಿಡ್ಕೊಂಡು ಕೂತಿದ್ರೂ ಅಷ್ಟೇ. ಕನೆಕ್ಟ್ ಆಗ್ತಿಲ್ಲ ಅಂತ ನಾವು ಒಂದಾದ್ಮೇಲೆ ಒಂದು ಸಾಫ್ಟ್‌ವೇರ್ ತೆಗೀತಾ ಹೋದಷ್ಟೂ ಈ ತೊಂದ್ರೆ ಜಾಸ್ತಿ ಆಗುತ್ತೆ.

ಮತ್ತೆ ಲೇಸರ್‌ಜಿಆರ್‌ಬಿಎಲ್‌ಗೆ ಯಾಕೆ ಉತ್ತರ ಬರ್ಲಿಲ್ಲ ಅಂದ್ರೆ, ಮೊದಲ ದಿನದ ಗಾಬರೀಲಿ ನಾನು ಅದರಲ್ಲಿ ಬಾಡ್ ರೇಟ್‌ನ, ಅಂದ್ರೆ ಸೀರಿಯಲ್‌ನಲ್ಲಿ ಮಾತಾಡೋ ವೇಗನ, 9600 ಮಾಡಿಟ್ಟಿದ್ದೆ. ಜಿಆರ್‌ಬಿಎಲ್ (ಬೋರ್ಡ್ ಒಳಗೆ ಕೂತು ಮಷಿನ್ ನಡೆಸೋ ಪ್ರೋಗ್ರಾಂ) ಇರೋ ಬೋರ್ಡ್ ಸಾಮಾನ್ಯವಾಗಿ ಮಾತಾಡೋದು 115200ರಲ್ಲಿ, ಅಂದ್ರೆ 12 ಪಟ್ಟು ವೇಗ. ಒಬ್ರು ಅಷ್ಟು ವೇಗವಾಗಿ ಮಾತಾಡ್ತಾ ಇನ್ನೊಬ್ರು ಅಷ್ಟು ನಿಧಾನ ಕೇಳಿಸ್ಕೊಂಡ್ರೆ ಒಂದು ಅಕ್ಷರನೂ ಅರ್ಥ ಆಗಲ್ಲ, ಕನ್ಸೋಲ್‌ನಲ್ಲಿ (ಬೋರ್ಡ್ ಜೊತೆಗಿನ ಮಾತು ಕಾಣೋ ಕಿಟಕೀಲಿ) ಏನೇನೋ ವಿಚಿತ್ರ ಚಿಹ್ನೆ ಬರುತ್ತೆ ಇಲ್ಲಾ ಏನೂ ಬರಲ್ಲ. ಚಿಹ್ನೆ ಬಂದ್ರೆ ಒಂಥರ ಒಳ್ಳೇದೇ, ಕೇಬಲ್ಲೂ ಡ್ರೈವರೂ ಪೋರ್ಟೂ ಎಲ್ಲಾ ಸರಿ ಇದೆ, ವೇಗ ಒಂದು ಹೊಂದಿಸಿದ್ರೆ ಆಯ್ತು ಅಂತ ಅರ್ಥ.

ಲೇಸರ್‌ಜಿಆರ್‌ಬಿಎಲ್ ಮುಚ್ಚಿ ಲೈಟ್‌ಬರ್ನ್‌ನಲ್ಲಿ ‘ಡಿವೈಸಸ್’ ಬಟನ್ ಮೇಲೆ ರೈಟ್ ಕ್ಲಿಕ್ ಮಾಡ್ದೆ, ಹಂಗೆ ಮಾಡಿದ್ರೆ ಕನೆಕ್ಷನ್ ಮತ್ತೆ ಮೊದಲಿಂದ ಶುರು ಆಗುತ್ತೆ. ಕನ್ಸೋಲ್‌ನಲ್ಲಿ ‘ಜಿಆರ್‌ಬಿಎಲ್ 1.1’ ಅಂತ ಶುರುವಾಗೋ ಸಾಲು ಬಂತು. ಅದು ಬೋರ್ಡ್ ತಾನು ಎದ್ದೆ ಅಂತ ಹೇಳೋ ನಮಸ್ಕಾರ. ಸುಮ್ನೆ ‘?’ ಅಂತ ಟೈಪ್ ಮಾಡಿದ್ರೆ ತಾನು ಎಲ್ಲಿದೀನಿ, ಏನು ಮಾಡ್ತಿದೀನಿ ಅಂತ ಒಂದು ಸಾಲಲ್ಲಿ ಹೇಳುತ್ತೆ, ‘$$’ ಅಂದ್ರೆ ಸೆಟ್ಟಿಂಗ್ಸ್ ಎಲ್ಲಾ ಸುರಿಯುತ್ತೆ. ಆ ಪಟ್ಟೀಲಿ ‘$32=1’ ಇದ್ಯಾ ನೋಡ್ಕೊಳಿ, ಅದು ಲೇಸರ್ ಮೋಡ್. ಜಿಆರ್‌ಬಿಎಲ್ ಬಗ್ಗೆ ನನಗೆ ತುಂಬಾ ಗೌರವ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್‌ಸ್ರುಡ್ ಅನ್ನೋರು ಶುರು ಮಾಡಿದ ಓಪನ್ ಸೋರ್ಸ್ ಕೆಲಸ ಅದು, ಆರ್ಡುಯಿನೋ ಊನೋದಲ್ಲಿರೋ 32 ಕೆಬಿ ಜಾಗದ ಚಿಪ್‌ಗೆ ಹಿಡಿಸೋ ಹಂಗೆ ಬರ್ದಿರೋದು, ಅಷ್ಟರಲ್ಲೇ ಇಡೀ ಮಷಿನ್ ನಡೆಸುತ್ತೆ.

ನಮಸ್ಕಾರ ಬಂತು ಆದ್ರೆ ಹೆಡ್ (ಲೇಸರ್ ಇರೋ, ಓಡಾಡೋ ಭಾಗ) ಕದಲ್ತಿಲ್ಲ. ಬಾಣದ ಗುರುತು ಒತ್ತಿದ್ರೆ ‘ಎರರ್ 9’. ಹಿಂದಿನ ಎರಡು ದಿನದ ಅಭ್ಯಾಸದಲ್ಲಿ ಕೈ ಕೇಬಲ್ ಕಡೆಗೇ ಹೋಯ್ತು, ಆದ್ರೆ ತಡ್ದು ಕನ್ಸೋಲ್ ಓದಿದೆ. ಎರರ್ 9 ಅಂತ ಉತ್ತರ ಬಂದಿದೆ ಅಂದ್ರೆ ಕನೆಕ್ಷನ್ ಗಟ್ಟಿಯಾಗೇ ಇದೆ, ಬೋರ್ಡ್ ಲಾಕ್ ಆಗಿದೆ ಅಷ್ಟೇ. ನನ್ನ ಮಷಿನ್‌ಗೆ ಲಿಮಿಟ್ ಸ್ವಿಚ್ (ಹೆಡ್ ಅಂಚಿಗೆ ಬಂತು ಅಂತ ಹೇಳೋ ಸ್ವಿಚ್) ಇದೆ, ಹೋಮಿಂಗ್ (ಹೆಡ್ ಮೂಲೆಗೆ ಹೋಗಿ ತನ್ನ ಜಾಗ ಗುರುತಿಸ್ಕೊಳ್ಳೋದು) ಆನ್ ಇದೆ, ಹಾಗಿರುವಾಗ ಆನ್ ಮಾಡಿದ ಕೂಡ್ಲೇ ಅದಕ್ಕೆ ಹೆಡ್ ಎಲ್ಲಿದೆ ಅಂತ ಗೊತ್ತಿರಲ್ಲ, ಅದಕ್ಕೆ ಅಲಾರ್ಮ್‌ನಲ್ಲೇ ಏಳುತ್ತೆ. ಹೋಮ್ ಬಟನ್ ಒತ್ತಿದ್ರೆ ಮೂಲೆಗೆ ಹೋಗಿ ಸ್ವಿಚ್ ಮುಟ್ಟಿ ಸರಿ ಹೋಗುತ್ತೆ. ಡಾಲರ್ ಗುರುತು ಹಾಕಿ ಎಕ್ಸ್ ಅಂತ ಟೈಪ್ ಮಾಡಿದ್ರೂ ಲಾಕ್ ಬಿಡುತ್ತೆ, ಆದ್ರೆ ಆಗ ಹೆಡ್ ಎಲ್ಲಿದೆ ಅನ್ನೋದು ಬೋರ್ಡ್‌ಗೆ ಗೊತ್ತಾಗಿರಲ್ಲ, ಚೌಕಟ್ಟಿಗೆ ಗುದ್ದಿಸೋ ಸಾಧ್ಯತೆ ಇದೆ, ಹಾಗಾಗಿ ನಾನು ಹೋಮಿಂಗೇ ಮಾಡ್ತೀನಿ. ಸ್ವಿಚ್ ಇಲ್ಲದ ಮಷಿನ್‌ನಲ್ಲಿ ಹೋಮಿಂಗ್ ಕೊಡ್ಬೇಡಿ, ಹೆಡ್ ಚೌಕಟ್ಟಿಗೆ ಬಡ್ಕೊಂಡ ಮೇಲೂ ಸ್ವಲ್ಪ ಹೊತ್ತು ತಳ್ತಾನೇ ಇರುತ್ತೆ.

ವಿಂಡೋಸ್ ಅಲ್ದೆ ಬೇರೆ ಕಡೆ ಇರೋವ್ರಿಗೆ ಎರಡು ಮಾತು. ಲಿನಕ್ಸ್‌ನಲ್ಲಿ ಸಿಎಚ್340 ಡ್ರೈವರ್ ಸಿಸ್ಟಂ ಒಳಗೇ ಇರುತ್ತೆ, ತೊಂದ್ರೆ ಬರೋದು ಪರ್ಮಿಷನ್ ಇಂದ. ಉಬುಂಟು, ಡೆಬಿಯನ್ ಆದ್ರೆ ನಿಮ್ಮ ಯೂಸರ್‌ನ ‘ಡಯಲ್‌ಔಟ್’ ಗ್ರೂಪ್‌ಗೆ ಸೇರಿಸಿ, ಸೇರಿಸಿದ ಮೇಲೆ ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗ್ಲೇಬೇಕು, ಅದನ್ನ ಮಾಡ್ದೆ ಸೇರಿಸಿದ್ದು ಕೆಲಸ ಮಾಡ್ತಿಲ್ಲ ಅಂತ ಬಿಟ್ಟುಬಿಡೋವ್ರು ಜಾಸ್ತಿ. ಉಬುಂಟು 22.04ರಲ್ಲಿ ಇನ್ನೊಂದು ವಿಷಯ ಇದೆ, ಕಣ್ಣು ಕಾಣದವರು ಬಳಸೋ ಬ್ರೈಲ್ ಡಿಸ್‌ಪ್ಲೇಗೆ ಅಂತ ಬಿಆರ್‌ಎಲ್‌ಟಿಟಿವೈ ಅನ್ನೋ ಪ್ರೋಗ್ರಾಂ ಇರುತ್ತೆ, ಕೆಲವು ಬ್ರೈಲ್ ಡಿಸ್‌ಪ್ಲೇಗಳಲ್ಲೂ ಇದೇ ಯುಎಸ್‌ಬಿ ಐಡಿ ಇರೋದ್ರಿಂದ ನಿಮ್ಮ ಸಿಎಚ್340ನ ಅದು ತನ್ನದು ಅನ್ಕೊಂಡು ಎತ್ಕೊಂಡ್ಬಿಡುತ್ತೆ. ಪೋರ್ಟ್ ಬಂದು ತಕ್ಷಣ ಮಾಯ ಆದ್ರೆ ಇದೇ ಕಾರಣ ಇರ್ಬಹುದು. ಬ್ರೈಲ್ ಡಿಸ್‌ಪ್ಲೇ ಬಳಸದೇ ಇದ್ರೆ ಅದನ್ನ ತೆಗೀಬಹುದು, ಮನೇಲಿ ಬಳಸೋರಿದ್ರೆ ದಯವಿಟ್ಟು ತೆಗೀಬೇಡಿ, ಬೇರೆ ಕಂಪ್ಯೂಟರಿಂದ ಮಷಿನ್ ನಡೆಸಿ.

ಮಷಿನ್ ಡಯೋಡ್ ಅಲ್ದೆ ಬೇರೆ ಜಾತಿದಾದ್ರೆ ದಾರಿನೂ ಬೇರೆ. ಸಿಒ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್‌ನ ರುಯಿಡಾ ಕಂಪನಿಯ ಕಂಟ್ರೋಲರ್ ಬೋರ್ಡ್ ಆದ್ರೆ ಯುಎಸ್‌ಬಿಗಿಂತ ನೆಟ್‌ವರ್ಕ್ ಕೇಬಲ್ ನಂಬಿಕಸ್ತ, ಮಷಿನ್‌ನ ಪ್ಯಾನಲ್‌ನಲ್ಲೇ ಐಪಿ ಅಡ್ರೆಸ್ ನೋಡಿ ಕೊಡ್ಬಹುದು. ಕೆ40 ಅನ್ನೋ ಸಣ್ಣ ಸಿಒ2 ಮಷಿನ್‌ನ ಮೂಲ ಎಂ2 ನ್ಯಾನೋ ಬೋರ್ಡ್‌ಗೆ ಲೈಟ್‌ಬರ್ನ್ ಸಪೋರ್ಟೇ ಇಲ್ಲ, ಅದಕ್ಕೆ ಕೆ40 ವಿಸ್ಪರರ್ ಅಥವಾ ಮೀರ್‌ಕೆ40ಟಿ ಅನ್ನೋ ಸಾಫ್ಟ್‌ವೇರ್ ಬೇಕು. ಫೈಬರ್ ಗ್ಯಾಲ್ವೋ ಮಷಿನ್‌ಗೆ (ಕನ್ನಡಿ ತಿರುಗಿಸಿ ಕಿರಣ ಓಡಿಸೋದು) ಇಝೀಕ್ಯಾಡ್ ಸಾಫ್ಟ್‌ವೇರ್‌ನ ಡ್ರೈವರ್ ಒಂದು, ಲೈಟ್‌ಬರ್ನ್‌ಗೆ ಬೇಕಾಗಿರೋದು ಇನ್ನೊಂದು, ಒಂದಿದ್ದಾಗ ಇನ್ನೊಂದು ನಡೆಯಲ್ಲ. ಹೊಂದದೇ ಇರೋ ಸಾಫ್ಟ್‌ವೇರ್ ಹಾಕಿದ್ರೆ ಎಷ್ಟು ಕೇಬಲ್ ಬದಲಾಯಿಸಿದ್ರೂ ಕನೆಕ್ಟ್ ಆಗಲ್ಲ, ಬೋರ್ಡ್ ಮೇಲೆ ಏನು ಬರ್ದಿದೆ ಅಂತ ಒಂದ್ಸಲ ಓದಿ ನೋಡಿ.

ಕನೆಕ್ಟ್ ಆಗಿ ಕೆಲಸದ ಮಧ್ಯದಲ್ಲಿ ಕಟ್ ಆಗೋದು ಬೇರೆ ಸಮಸ್ಯೆ, ಇದನ್ನ ಹೇಳ್ಲೇಬೇಕು ಯಾಕಂದ್ರೆ ಇದು ಅಪಾಯದ್ದು. ಜಿಆರ್‌ಬಿಎಲ್ ಬೋರ್ಡ್ ನಿಮ್ಮ ಪೂರ್ತಿ ಡ್ರಾಯಿಂಗ್‌ನ ಒಳಗೆ ಇಟ್ಕೊಳಲ್ಲ, ಮೂಲ ಜಿಆರ್‌ಬಿಎಲ್‌ನಲ್ಲಿ ಕಂಪ್ಯೂಟರಿಂದ ಬಂದಿದ್ದನ್ನ ಹಿಡಿದಿಡೋ ಜಾಗ ಬರೀ 128 ಬೈಟ್, ಕಂಪ್ಯೂಟರ್ ಒಂದೊಂದೇ ಸಾಲು ಉಣಿಸ್ತಾ ಇರ್ಬೇಕು. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಯ್ತು ಅಥವಾ ಯುಎಸ್‌ಬಿ ಕಡಿತು ಅಂದ್ರೆ ಕೈಲಿದ್ದ ಸಾಲು ಮುಗಿಸಿ ಹೆಡ್ ನಿಂತ್ಬಿಡುತ್ತೆ. ಲೇಸರ್ ಆನ್ ಮಾಡೋ ಆಜ್ಞೆ ಎರಡು ಥರ, ಎಂ3 ಮತ್ತೆ ಎಂ4. ಎಂ4 ಮೋಡ್ ಆದ್ರೆ ಹೆಡ್ ನಿಂತಾಗ ಲೇಸರ್ರೂ ಆರುತ್ತೆ. ಎಂ3 ಆದ್ರೆ ಲೇಸರ್ ಉರೀತಾನೇ ಇರುತ್ತೆ, ಒಂದೇ ಜಾಗ ಸುಡ್ತಾ. ಮರಕ್ಕೆ ಬೆಂಕಿ ಹತ್ತೋಕೆ ಇಷ್ಟು ಸಾಕು. ಮಷಿನ್ ಓಡ್ತಿರುವಾಗ ರೂಮಿಂದ ಎದ್ದು ಹೋಗ್ಬೇಡಿ, ಫೋನ್ ಬಂದ್ರೂ ಹೋಗ್ಬೇಡಿ. ಕಟ್ ಆಗ್ತಾ ಇದ್ರೆ ಸ್ಲೀಪ್ ಆಫ್ ಮಾಡಿ, ಯುಎಸ್‌ಬಿ ಪೋರ್ಟ್‌ಗೆ ಪವರ್ ಉಳಿಸೋ ಸೆಟ್ಟಿಂಗ್ ಆಫ್ ಮಾಡಿ, ಹಬ್ ಬಿಟ್ಟು ನೇರ ಲ್ಯಾಪ್‌ಟಾಪ್‌ಗೆ ಹಾಕಿ, ಯುಎಸ್‌ಬಿ ಕೇಬಲ್‌ನ ಏರ್ ಪಂಪ್‌ನ ಕರೆಂಟ್ ವೈರ್ ಜೊತೆ ಸುತ್ತಿ ಕಟ್ಬೇಡಿ, ಮೋಟಾರ್ ಆನ್ ಆಫ್ ಆಗುವಾಗಿನ ಗದ್ದಲ ಡೇಟಾಗೆ ಬಡಿಯುತ್ತೆ. ಪ್ಲಗ್‌ಗೆ ಅರ್ತಿಂಗ್ ಸರಿ ಇದ್ಯಾ ಅಂತನೂ ನೋಡಿಸಿ.

ಕನ್ನಡಕದ ವಿಷಯನೂ ಇಲ್ಲೇ ಹೇಳ್ಬಿಡ್ತೀನಿ. ಕನೆಕ್ಷನ್ ಹುಡುಕುವಾಗ ಲೇಸರ್ ಆನ್ ಮಾಡ್ತಿಲ್ಲವಲ್ಲ ಅಂತ ಕನ್ನಡಕ ತೆಗ್ದಿಟ್ಟು ಹೆಡ್ ಪಕ್ಕ ಮುಖ ಇಟ್ಟು ವೈರ್ ನೋಡ್ತೀವಿ. ಬೋರ್ಡ್ ರೀಸೆಟ್ ಆಗುವಾಗ, ಪೋರ್ಟ್ ತೆರೆಯುವಾಗ, ಕೆಲವು ಮಷಿನ್‌ಗಳಲ್ಲಿ ಲೇಸರ್ ಒಂದು ಕ್ಷಣ ಮಿಂಚೋದುಂಟು. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ರೆಟಿನಾಗೆ ಮಾಡೋ ಗಾಯ ವಾಸಿ ಆಗಲ್ಲ. ಆ ತರಂಗಕ್ಕೆ ಸರಿಹೊಂದೋ ಕನ್ನಡಕ ಹಾಕ್ಕೊಂಡೇ ಹುಡುಕಿ, ವೈರ್ ಮುಟ್ಟೋದಿದ್ರೆ ಮೇನ್ ಪವರ್ ಅಡಾಪ್ಟರ್ರೂ ಕಿತ್ತಿಡಿ, ಯುಎಸ್‌ಬಿನೂ ಕಿತ್ತಿಡಿ.

ಮೂರನೇ ಸಂಜೆ ಎಂಟೂವರೆಗೆ ಹೋಮಿಂಗ್ ಆಯ್ತು, ಫ್ರೇಮ್ ಒತ್ತಿದ್ರೆ ಹೆಡ್ ಮುಚ್ಚಳದ ಸುತ್ತ ನೀಟಾಗಿ ಒಂದು ಸುತ್ತು ಹಾಕ್ತು. ಗೆಳೆಯನಿಗೆ ವಿಡಿಯೋ ಕಳಿಸ್ದೆ. ಮಾರನೇ ದಿನ ಡೇಟಾ ಇರೋ ಎರಡು ಮೀಟರ್ ಕೇಬಲ್ ತಂದು ಹಾಕಿ, ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಮಷಿನ್‌ಗೇ ಕಟ್ಟಿಟ್ಟೆ. ಲ್ಯಾಂಪ್ ಕೇಬಲ್‌ಗೆ ‘ಬರೀ ಚಾರ್ಜಿಂಗ್’ ಅಂತ ಚೀಟಿ ಅಂಟಿಸಿ ಲ್ಯಾಂಪ್ ಜೊತೆ ಇಟ್ಟೆ. ಆನೆಮರಿ 26 ನಿಮಿಷದಲ್ಲಿ ಮುಗೀತು, ಕಿವಿಯ ಗೆರೆಗಳು ತುಂಬಾ ಚೆನ್ನಾಗಿ ಬಂದಿವೆ, ಬಾಲದ ತುದಿ ಮಾತ್ರ ಸ್ವಲ್ಪ ಜಾಸ್ತಿ ಕಪ್ಪಾಗಿದೆ. ಅದು ಪವರ್ ಸೆಟ್ಟಿಂಗ್ ವಿಷಯ, ಮುಂದಿನ ಸಲ ಎಂ4ನಲ್ಲಿ ಪವರ್ ಇಳಿಸಿ ಇನ್ನೊಂದು ತುಂಡಿನ ಮೇಲೆ ನೋಡ್ಬೇಕು.